ದರ್ಜಿಯ ಚಿಂದಿ, ತಾಯಿಯ ಕೌದಿ

ಅಂಗಿಯೊಂದನ್ನು ಹೊಲಿಸಿದ ಮೇಲೆ ದರ್ಜಿಯ ಕತ್ತರಿಯ ಕೆಳಗೆ ಉಳಿದ ತುಂಡುಗಳ ಕಡೆಗೆ ನಾವು ಕಣ್ಣೆತ್ತಿಯೂ ನೋಡುವುದಿಲ್ಲ. ಬಟ್ಟೆ ನಮ್ಮದು, ಹಣ ತೆತ್ತವರೂ ನಾವೇ; ಆದರೂ ತೋಳಿನ ಬದಿಯಲ್ಲಿಯೂ ಕೊರಳಿನ ತಿರುವಿನಲ್ಲಿಯೂ ಉಳಿದ ಚೂರುಗಳನ್ನು ಚಿಂದಿಯೆಂದು ಬಿಟ್ಟು ಬರುತ್ತೇವೆ. ಹೊಲಿಗೆಯ ಯಂತ್ರದ ಸದ್ದು ಕೇಳಿಸದ ಗಲ್ಲಿ ಮುಂಬಯಿಯಲ್ಲಿ ವಿರಳ. ಅಲ್ಲೆಲ್ಲ ಸಂಜೆಗೆ ಗುಡಿಸಿ ಎಸೆಯುವ ರಾಶಿಯನ್ನು ಕಂಡರೆ, ನಮ್ಮ ಹಿರಿಯರು ಇದನ್ನು ಹೀಗೆ ಬಿಡುತ್ತಿದ್ದರೇ ಎಂಬ ಪ್ರಶ್ನೆ ಏಳದಿರದು.

ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯ ಮನೆಗಳಲ್ಲಿ ಇಂಥ ಚೂರುಗಳೇ ಕೌದಿಯಾಗುತ್ತಿದ್ದವು. ಸವೆದ ಸೀರೆಯನ್ನೋ ಧೋತರವನ್ನೋ ಅಡಿಗೆ ಹಾಸಿ, ಅದರ ಮೇಲೆ ತುಂಡುಗಳನ್ನು ಹೊಂದಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಯುವುದು ಅದರ ಕ್ರಮ. ಸಾಲುಗಳು ಒತ್ತಾಗಿದ್ದಷ್ಟೂ ಕೌದಿ ಗಟ್ಟಿ. ಒಗೆದಾಗ ಒಳಗಿನ ಬಟ್ಟೆ ಮುದ್ದೆಯಾಗುವುದಿಲ್ಲ. ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಚಳಿಗೆ ಬೆಚ್ಚಗೆ. ಮರಾಠಿ ನೆರೆಯವರು ಗೋಧಡಿಯೆಂದೂ ಬಂಗಾಳದವರು ಕಾಂಥಾ ಎಂದೂ ಕರೆಯುವುದು ಇದರ ಒಡಹುಟ್ಟುಗಳನ್ನೇ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿಯರೂ ಈ ವಿದ್ಯೆಯಲ್ಲಿ ನಿಪುಣರು. ಆಫ್ರಿಕೆಯಿಂದ ಬಂದವರ ಸಂತತಿಯವರಾದ ಈ ಜನರ ಹೆಂಗಸರು ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸುತ್ತುಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಅವರ ಕೌದಿಗಳು 2011ರಲ್ಲಿ ನ್ಯೂಯಾರ್ಕ್ ನಗರದ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ನಾವು ಚಿಂದಿಯೆಂದುದನ್ನು ಪರದೇಶದವರು ಗೋಡೆಗೆ ತೂಗುಹಾಕಿ ನೋಡಿದರು!

ಸೂಜಿ ಹಿಡಿಯುವುದು ಹೆಂಗಸರ ಕೆಲಸವೆಂದು ನಮ್ಮ ತರುಣರು ಮೂಗು ಮುರಿಯಬಹುದು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಹೆಸರೇ ಹೇಳುವಂತೆ ಸೂಜಿಯೇ ಅವರ ಕಾಯಕ. ಊರು ಬಿಟ್ಟು ಬಂದು, ಖೋಲಿಯಲ್ಲಿ ನಾಲ್ವರೊಡನೆ ಇರುವ ನಮಗೆ ಗುಂಡಿ ಹಾಕಲು ಬಂದರೆ ನಾಲ್ಕು ತುಂಡು ಕೂಡಿಸಲೂ ಬಂದೀತು.

ಕೆಲಸಕ್ಕೆ ತೊಡಗುವ ಮುನ್ನ ಬಟ್ಟೆಯ ಜಾತಿಯನ್ನು ಅರಿಯಬೇಕು. ಒಂದೆಳೆಯನ್ನು ಎಳೆದು, ಇಕ್ಕಳದಲ್ಲಿ ಹಿಡಿದು, ಒಲೆಯಿಂದ ದೂರದಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು ಬೆಂಕಿ ತಾಗಿಸಿರಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರಿನಂಥ ಕೃತಕ ನೂಲು. ಹೋಟೆಲಿನ ಅಡುಗೆಮನೆಯಲ್ಲಿರುವವರಿಗೆ ಈ ಭೇದ ಮುಖ್ಯ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಗೆ ಹತ್ತಿಯೇ ಆಗಬೇಕು. ಕೃತಕ ಬಟ್ಟೆ ಕರಗಿ ಕೈಗೆ ಅಂಟಿಕೊಂಡರೆ ಸುಟ್ಟ ಗಾಯ ಇನ್ನಷ್ಟು ಆಳವಾಗುತ್ತದೆ. ಏಳೆಂಟು ಪದರ ಹತ್ತಿಯ ತುಂಡುಗಳನ್ನು ಅಂಗೈಯಗಲಕ್ಕೆ ಸೇರಿಸಿ ಹೊಲಿದರೆ ಒಳ್ಳೆಯ ಮಸಿಬಟ್ಟೆ ಸಿದ್ಧ. ಅದು ಒಣಗಿರಬೇಕೆಂಬುದನ್ನು ಮರೆಯಬಾರದು; ಒದ್ದೆ ಬಟ್ಟೆಯ ಮೂಲಕ ಬಿಸಿ ಬೇಗನೆ ಕೈಗೆ ತಾಗುತ್ತದೆ.

ಹೊಸ ಹತ್ತಿ ಬಟ್ಟೆ ನೀರಿಗೆ ಕುಗ್ಗುವುದರಿಂದ ತುಂಡುಗಳನ್ನು ಮೊದಲೇ ನೆನೆಸಿ ಒಣಗಿಸುವುದು ಲೇಸು. ಇಲ್ಲವಾದರೆ ಮೊದಲ ಒಗೆತಕ್ಕೇ ಹೊಲಿಗೆ ಸುಕ್ಕುಗಟ್ಟುವುದು. ಬಣ್ಣ ಬಿಡುವ ತುಂಡುಗಳು ಯಾವುವೆಂಬುದೂ ಆಗಲೇ ತಿಳಿಯುತ್ತದೆ. ಗಟ್ಟಿಯಾದ ಪ್ಯಾಂಟಿನ ಬಟ್ಟೆಯಿಂದ ಕಚೇರಿಗೆ ಬುತ್ತಿ ಒಯ್ಯುವ ಚೀಲ ಮಾಡಬಹುದು. ಕೃತಕ ನೂಲಿನ ತುಂಡುಗಳು ನೀರು ಹೀರದಿದ್ದರೂ ಬೇಗ ಒಣಗುವುದರಿಂದ ಸಂತೆಯ ಚೀಲಕ್ಕೆ ಸಲ್ಲುವುವು. ಬೆರಳಗಲದ ಚೂರುಗಳನ್ನೂ ಎಸೆಯಬೇಕಿಲ್ಲ, ದಿಂಬಿನ ಹೊಟ್ಟೆಗೆ ತುಂಬಬಹುದು.

ಇಷ್ಟೆಲ್ಲ ಹೇಳುವುದು ನಾಲ್ಕು ಕಾಸಿನ ಉಳಿತಾಯಕ್ಕಾಗಿ ಮಾತ್ರವಲ್ಲ. ಪೇಟೆಯಲ್ಲಿ ಕಂಬಳಿ ಅಗ್ಗವಾಗಿ ಸಿಗುವಾಗ ತಿಂಗಳುಗಟ್ಟಲೆ ಕುಳಿತು ಕೌದಿ ಹೊಲಿಯುವವರು ಯಾರು? ಊರಿನಲ್ಲಿ ಇದನ್ನು ಬಲ್ಲವರು ಮುದುಕಿಯರು; ಅವರ ಕಣ್ಣು ಮಂಜಾಗುತ್ತಿದೆ. ಹೆಣ್ಣುಮಕ್ಕಳು ಕಲಿಯಲಿಲ್ಲ, ಗಂಡುಮಕ್ಕಳಿಗೆ ಕಲಿಸಲೇ ಇಲ್ಲ. ಕೈಯಿಂದ ಕೈಗೆ ಬಂದ ವಿದ್ಯೆ ಒಂದು ತಲೆಮಾರು ನಿಂತರೆ ಸಾಕು, ಮತ್ತೆ ಹುಡುಕಿದರೂ ದೊರೆಯದು.

ಆದುದರಿಂದ ನಮ್ಮ ವಾಚಕ ಬಂಧುಗಳಲ್ಲಿ ಒಂದು ಬಿನ್ನಹ. ಪರಿಚಯದ ದರ್ಜಿಯಲ್ಲಿ ಕೇಳಿ ಹತ್ತಿಯ ತುಂಡುಗಳನ್ನು ಕೂಡಿಡಿರಿ. ಮುಂದಿನ ಸಲ ರಜೆಯಲ್ಲಿ ಊರಿಗೆ ಹೋಗುವಾಗ ಮಿಠಾಯಿಯ ಪೊಟ್ಟಣದ ಜೊತೆಗೆ ಆ ಗಂಟನ್ನೂ ಒಯ್ಯಿರಿ. ತಾಯಿಯ ಬಳಿ ಕುಳಿತು, ಮೊದಲ ಸಾಲು ಎಲ್ಲಿಂದ, ಮೂಲೆಯನ್ನು ಮಡಿಸುವುದು ಹೇಗೆ ಎಂದು ಕೇಳಿ ಕಲಿಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತುಂಡಿಗೆ ತುಂಡು ಕೂಡಿಸಿ ಹಾಸಿಗೆಯನ್ನೇ ಉದ್ದ ಮಾಡುವ ಉಪಾಯವನ್ನು ಬಲ್ಲವರು ನಮ್ಮ ತಾಯಂದಿರು.