ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಸೆಗಣಿಯಿಂದ ಟ್ಯೂಬ್‌ಲೈಟು ಉರಿದ ಊರು ಯಾವುದು ಗೊತ್ತೆ? ಅಮೃತೂರಿನವರು ದೂರ ಹುಡುಕಬೇಕಿಲ್ಲ. ಇದೇ ಕುಣಿಗಲ್ ತಾಲ್ಲೂಕಿನ ಪುರ! ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಇಲ್ಲೇ ಉಂಗ್ರದಲ್ಲಿ ಕೇಂದ್ರ ತೆರೆದು ಕೂತಿತು. 1987ರಲ್ಲಿ ಪುರದ ಮನೆಮನೆಯ ಸೆಗಣಿ ಗ್ಯಾಸಾಯಿತು, ಗ್ಯಾಸು ಎಂಜಿನ್ ತಿರುಗಿಸಿತು, ಎಂಜಿನ್ನು ಕರೆಂಟು ಕೊಟ್ಟಿತು. ಸೆಗಣಿ ತಂದವರಿಗೆ ಕೆಜಿಗೆ 2 ಪೈಸೆ. ಬಗ್ಗಡ ಗೊಬ್ಬರವಾಗಿ ವಾಪಸ್ಸು. ಮರುವರ್ಷವೇ ಇದೇ ತಾಲ್ಲೂಕಿನ ಹೊಸಹಳ್ಳಿ ಸೌದೆಯ ಅನಿಲದಿಂದ ಬೆಳಗಿತು.

ನನ್ನನ್ನು ಬೆರಗುಗೊಳಿಸಿದ್ದು ಕರೆಂಟು ಹುಟ್ಟಿದ ಬಗೆಯಷ್ಟೇ ಅಲ್ಲ, ಅದು ಹಂಚಿಹೋದ ಬಗೆ. ಪುಟ್ಟ ಎಂಜಿನ್ನು; ಅದರಲ್ಲೇ ದೀಪವೂ ಆಗಬೇಕಿತ್ತು, ಬೋರ್‌ವೆಲ್ ನೀರು ಓವರ್‌ಹೆಡ್ ಟ್ಯಾಂಕಿಗೆ ಏರಲೂಬೇಕಿತ್ತು. ದೀಪಕ್ಕೆ ಕಾಯಲು ಗೊತ್ತಿಲ್ಲ, ಕತ್ತಲಾದ ಕ್ಷಣ ಉರಿಯಲೇಬೇಕು. ನೀರು ಕಾಯುತ್ತದೆ! ಒಮ್ಮೆ ಮೇಲೇರಿತೆಂದರೆ ನಲ್ಲಿ ತಿರುಗಿಸುವವರೆಗೂ ಅಲ್ಲೇ ಇರುತ್ತದೆ. ಗ್ಯಾಸೂ ಹಾಗೆಯೇ: ತುಂಬಿದಷ್ಟೂ ಅದನ್ನು ಹಿಡಿದಿಟ್ಟ ಡ್ರಮ್ಮು ಮೇಲೇಳುತ್ತದೆ, ದಾಸ್ತಾನು ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಬ್ಯಾಟರಿಯ ಹೆಸರೇ ಇಲ್ಲದೆ ಊರಿನಲ್ಲಿ ಎರಡು ಬ್ಯಾಟರಿ!

ಇಂದು ಸೋಲಾರ್ ಮೈಕ್ರೋಗ್ರಿಡ್ ನಡೆಸುವ ಎಂಜಿನಿಯರುಗಳು ಜಗತ್ತಿನಾದ್ಯಂತ ತಲೆಕೆಡಿಸಿಕೊಂಡಿರುವುದೂ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬ ಇದೇ ಪ್ರಶ್ನೆಗೆ. ಮೋಡ ಹಾದರೆ ಸಾಕು, ಪ್ಯಾನಲ್ಲಿನ ಉತ್ಪಾದನೆ ಸೆಕೆಂಡುಗಳಲ್ಲಿ ಕುಸಿಯುತ್ತದೆ. ಆದರೂ ಕರೆಂಟಿನ ಆವರ್ತನ (ನಮ್ಮಲ್ಲಿ 50 ಹರ್ಟ್ಸ್) ಅಲುಗಾಡಬಾರದು. ಆಗ ಮಿಲಿಸೆಕೆಂಡುಗಳಲ್ಲಿ ನುಗ್ಗಿ ಬರುವುದು ಬ್ಯಾಟರಿ. ಆದರೆ ಅದು ದುಬಾರಿ, ಬಳಸಿದಷ್ಟೂ ಸವೆಯುತ್ತದೆ. ಆದ್ದರಿಂದ ಕೆಲವೆಡೆ ನಿಯಂತ್ರಣದ ಕಂಪ್ಯೂಟರು ತಂಪನ್ನು ಹಿಡಿದಿಡುವ ಕಟ್ಟಡದ ಗೋಡೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮುಂದಿನ ಕೆಲವು ಗಂಟೆಗಳ ಬಿಸಿಲನ್ನು ಅಂದಾಜು ಮಾಡಿ, ಮಧ್ಯಾಹ್ನವೇ ಕೋಣೆಯನ್ನು ಒಂದೆರಡು ಡಿಗ್ರಿ ಹೆಚ್ಚು ತಂಪು ಮಾಡಿಡುತ್ತದೆ. ಸಂಜೆ ಎಸಿ ಸ್ವಲ್ಪ ಹೊತ್ತು ನಿಂತರೂ ಒಳಗಿದ್ದವರಿಗೆ ತಿಳಿಯುವುದಿಲ್ಲ. ಕೆಲವು ನಿಮಿಷ ಕಳೆದು ಹೊಸ ಅಳತೆ ಬಂದಾಗ ಹಳೆ ಯೋಜನೆ ಬಿಟ್ಟು ಮತ್ತೆ ಮೊದಲಿನಿಂದ ಲೆಕ್ಕ!

ಇದೇ ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿನದು. ಅಷ್ಟು ದೊಡ್ಡದಕ್ಕೂ ಸೂರ್ಯ ಮುಳುಗಿದ ಮೇಲೆ ಏನು ಎಂಬ ಪ್ರಶ್ನೆ ತಪ್ಪಿದ್ದಲ್ಲ. ಹಳ್ಳಿಯ ಮಟ್ಟದಲ್ಲಿ ನನಗೆ ಹೊಳೆಯುವ ಉತ್ತರ ಹಾಲಿನ ಡೈರಿ. ಸಂಜೆ ಕರೆದ 1,000 ಲೀಟರ್ ಹಾಲು ಸುಮಾರು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಯಬೇಕು. ಅಂದರೆ ಸುಮಾರು 34 ಯೂನಿಟ್ (ಕಿಲೊವ್ಯಾಟ್-ಗಂಟೆ) ಶಾಖ ಹೊರಹೋಗಬೇಕು. ಬಿಸಿಲು ಇರುವಾಗಲೇ ಸುಮಾರು 400 ಕಿಲೊ ಮಂಜುಗಡ್ಡೆ ಕಟ್ಟಿಟ್ಟರೆ ಅಷ್ಟೂ ಶಾಖವನ್ನು ಅದು ಕರಗುತ್ತಾ ಹೀರಿಕೊಳ್ಳುತ್ತದೆ. ಹಾಲು ತಣಿಸುವ ಆ ಹೊತ್ತಿಗೆ ಬ್ಯಾಟರಿಗೆ ಹೆಚ್ಚು ಕೆಲಸವೇ ಇಲ್ಲ. ಅದರಲ್ಲಿರುವ ಕರೆಂಟೆಲ್ಲ ದೀಪಕ್ಕೆ, ಫ್ಯಾನಿಗೆ, ಮಕ್ಕಳ ಓದಿಗೆ!