ಗೇಮ್ ಕಂಟ್ರೋಲರ್ ಕೊಳ್ಳುವ ಮುನ್ನ

ನಂಜನಗೂಡಿನ ನಮ್ಮ ಮನೆಗೆ ತಿರುಮಕೂಡಲು ನರಸೀಪುರದಿಂದ ರಜೆಗೆ ಬಂದ ಮೊಮ್ಮಗನು ತನ್ನ ವೈರ್‌ಲೆಸ್ ಗೇಮ್ ಕಂಟ್ರೋಲರನ್ನು ತೋರಿ, “ತಾತ, ಮುಟ್ಟದಿದ್ರೂ ಬೊಂಬೆ ಎಡಕ್ಕೇ ಹೋಯ್ತದೆ” ಎಂದು ಕಣ್ಣೀರು ತಂದನು.

ಗೇಮ್ ಯಂತ್ರ ತಯಾರಿಸಿದ ಕಂಪನಿಯದಲ್ಲ, ಬೇರೆ ಕಂಪನಿಯದು, ಅಗ್ಗವೆಂದು ಕೊಂಡದ್ದು. ಆದರೆ ದೋಷವು ಅಗ್ಗದ್ದೆಂಬುದಕ್ಕಲ್ಲ. ಹೆಬ್ಬೆರಳಿನಿಂದ ಹೊರಳಿಸುವ ಕಡ್ಡಿಯ ಬುಡದಲ್ಲಿ ಲೋಹವು ಇಂಗಾಲದ ಪಟ್ಟಿಗೆ ಉಜ್ಜಿ ಸವೆಯುವುದು ಮೂಲ ಕಂಪನಿಗಳ ಕಂಟ್ರೋಲರುಗಳಲ್ಲಿಯೂ ಉಂಟು. ಆಯಸ್ಕಾಂತದಿಂದ ಚಲನೆಯನ್ನರಿಯುವ ‘ಹಾಲ್ ಎಫೆಕ್ಟ್’ ಕಡ್ಡಿಗೆ ಈ ಉಜ್ಜಾಟವಿಲ್ಲ. ಅದು ಹೊರಗಿನ ಕಂಪನಿಗಳ ಮಾಲಿನಲ್ಲಿಯೇ ಹೆಚ್ಚಾಗಿ ದೊರೆಯುವುದೊಂದು ಸೋಜಿಗ.

ಕೊಳ್ಳುವ ತಂದೆತಾಯಿಗಳು ಪೆಟ್ಟಿಗೆಯ ಮೇಲೆ ಈ ಹೆಸರನ್ನೂ ಯಾವ ಯಂತ್ರಕ್ಕೆ ಹೊಂದುತ್ತದೆಂಬುದನ್ನೂ ಓದಬೇಕು. 2023ರ ನವೆಂಬರಿನಿಂದ ಎಕ್ಸ್‌ಬಾಕ್ಸ್ ತನ್ನ ಅನುಮತಿಯಿಲ್ಲದ ಕಂಟ್ರೋಲರುಗಳನ್ನು ತಡೆಯುತ್ತಿದೆ. ವಾರಂಟಿ ಚೀಟಿಯನ್ನು ಜೋಪಾನವಾಗಿಡಿರಿ; ನಮ್ಮ ಹುಡುಗನದು ಪೆಟ್ಟಿಗೆಯೊಡನೆ ಗುಜರಿಗೆ ಹೋಗಿತ್ತು.