ಮೀನಿನ ಎಳೆಮರಿಗಳಿಗೆ ಉಪಕಾರಿ ಸೂಕ್ಷ್ಮಜೀವಿಗಳು

ಸಸಿಮಡಿ ಕೆಟ್ಟರೆ ಗದ್ದೆ ಕೆಟ್ಟಂತೆ. ಮೀನು ಸಾಕಣೆಯಲ್ಲಿಯೂ ಇದೇ ಮಾತು. ಕಾಟ್ಲಾ, ರೋಹು, ಮೃಗಾಲ್ ಎಳೆಮರಿಗಳನ್ನು ನರ್ಸರಿ ಕೊಳಕ್ಕೆ ಬಿಟ್ಟ ರೈತರು 15–20 ದಿನಗಳ ನಂತರ ಬಲೆ ಎಳೆದಾಗ ಅರ್ಧದಷ್ಟು ಮರಿಗಳೂ ಸಿಗದೆ ನಷ್ಟ ಅನುಭವಿಸುವುದುಂಟು. ಇದಕ್ಕೆ ಪರಿಹಾರವೆಂದು ಪ್ರೋಬಯೋಟಿಕ್ ಪುಡಿಗಳು ಮಾರಾಟಕ್ಕಿವೆ. ಇವುಗಳ ಗುಣವನ್ನೂ ಮಿತಿಯನ್ನೂ ತಿಳಿದು ಹಣ ಹಾಕುವುದು ಲೇಸು.

ಪ್ರೋಬಯೋಟಿಕ್ ಎಂದರೇನು?

ದ್ವಿದಳ ಧಾನ್ಯದ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತುವುದು ರೈತರಿಗೆ ಹೊಸದಲ್ಲ. ಇಲ್ಲಿಯೂ ಜೀವಂತ ಸೂಕ್ಷ್ಮಜೀವಿಗಳನ್ನೇ ಕೊಡಲಾಗುತ್ತದೆ. ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಇವು ಮೀನಿನ ಆರೋಗ್ಯಕ್ಕೆ ಒಳಿತುಮಾಡುತ್ತವೆ. ಬ್ಯಾಸಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಗುಂಪಿನವು ಹೆಚ್ಚು ಬಳಕೆಯಲ್ಲಿವೆ.

ಎಳೆಮರಿಗೆ ಏಕೆ?

ಮೊಟ್ಟೆಯೊಡೆದ ಗೆಂಡೆ ಮರಿ ಸುಮಾರು 3 ದಿನ ಹೊಟ್ಟೆಗೆ ಅಂಟಿದ ಹಳದಿ ಚೀಲದ ಆಹಾರದಿಂದಲೇ ಬದುಕುತ್ತದೆ. ಅನಂತರ ಹೊರಗಿನ ಆಹಾರ ತಿನ್ನತೊಡಗುತ್ತದೆ. ಆಗ ನೀರು, ಆಹಾರಗಳೊಡನೆ ಸೂಕ್ಷ್ಮಜೀವಿಗಳೂ ಕರುಳನ್ನು ಸೇರುತ್ತವೆ. ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಉಪಕಾರಿ ಜೀವಿಗಳು ಮೊದಲೇ ನೆಲೆಯೂರಿದರೆ ಏರೋಮೊನಾಸ್‌ನಂಥ ರೋಗಾಣುಗಳಿಗೆ ಜಾಗವೂ ಆಹಾರವೂ ಕಡಿಮೆಯಾಗುತ್ತವೆ.

ಫ್ರಾನ್ಸಿನ ವಿಜ್ಞಾನಿ ಗಾತ್‌ಸೂಪ್ ಅವರು ಟರ್ಬಟ್ ಎಂಬ ಸಮುದ್ರ ಮೀನಿನ ಎಳೆಮರಿಗಳಿಗೆ ಆಹಾರದ ಮೂಲಕ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಕೊಟ್ಟಾಗ, ವಿಬ್ರಿಯೋ ರೋಗಾಣುವನ್ನು ಅವು ಹೆಚ್ಚು ತಡೆದುಕೊಂಡವೆಂದು 1994ರಲ್ಲಿ ವರದಿ ಮಾಡಿದರು. ಆದರೆ ಮೀನಿನ ಜಾತಿ, ನೀರು, ಸೂಕ್ಷ್ಮಜೀವಿಯ ತಳಿ ಬದಲಾದಂತೆ ಫಲವೂ ಬದಲಾಗುತ್ತದೆ.

ಮೊದಲು ಕೊಳದ ಸಿದ್ಧತೆ

ಎಳೆಮರಿಗಳು ಸಾಯುವುದು ರೋಗದಿಂದ ಮಾತ್ರವಲ್ಲ. ನೀರಿನ ಹುಳುಗಳು, ಕಳೆ ಮೀನುಗಳು, ಆಹಾರದ ಕೊರತೆ ಇವೂ ಕಾರಣ. ಇವುಗಳಿಗೆ ಪ್ರೋಬಯೋಟಿಕ್ ಮದ್ದಲ್ಲ. ಆದ್ದರಿಂದ ಸುಣ್ಣ, ಸಗಣಿ ಗೊಬ್ಬರ ಹಾಕಿ ಸೂಕ್ಷ್ಮ ಜಲಪ್ರಾಣಿಗಳು ಬೆಳೆದ ಮೇಲೆ, ಹುಳುಗಳನ್ನು ತೆಗೆದು ಮರಿ ಬಿಡಬೇಕು. ಮಣ್ಣಿನ ಕೊಳವಾದರೆ ಗುಂಟೆಗೆ 30ರಿಂದ 50 ಸಾವಿರ ಎಳೆಮರಿ ಸಾಕು.

ಬಳಸುವ ಕ್ರಮ

1. ಪೊಟ್ಟಣದ ಮೇಲೆ ಜೀವಿಯ ಹೆಸರು, ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುವುದನ್ನೇ ಕೊಳ್ಳಬೇಕು, ಬಿಸಿಲಿನಲ್ಲಿ ಇಡಬಾರದು.

2. ನುಣ್ಣಗೆ ಪುಡಿಮಾಡಿದ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮನಾಗಿ ಬೆರೆಸಿ, ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಪುಡಿ ಸೇರಿಸಿ ಅಂದೇ ಕೊಡಬೇಕು. ಬಿಸಿ ಆಹಾರಕ್ಕೆ ಬೆರೆಸಬಾರದು.

3. ನೀರಿಗೆ ಹಾಕುವ ಬಗೆಯದನ್ನು ಬೆಳಿಗ್ಗೆ ಬಿಸಿಲೇರಿದ ಮೇಲೆ ಹಾಕಬೇಕು. ಈ ಜೀವಿಗಳೂ ಆಮ್ಲಜನಕ ಬಳಸುವುದರಿಂದ ಸಂಜೆ ಹಾಕುವುದು ಅಪಾಯ.

4. ಕ್ಲೋರಿನ್, ಪೊಟ್ಯಾಸಿಯಂ ಪರ್ಮಾಂಗನೇಟ್, ಪ್ರತಿಜೀವಕ ಇವುಗಳೊಂದಿಗೆ ಕೊಟ್ಟರೆ ಉಪಕಾರಿ ಜೀವಿಗಳೇ ಸಾಯುತ್ತವೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಔಷಧಿಗಳ ಬಳಕೆ ಮೀನು ಸಾಕಣೆಯಲ್ಲಿ ನಿಷಿದ್ಧ.

ನೀವೇ ಪರೀಕ್ಷಿಸಿರಿ

ಒಂದೇ ಅಳತೆಯ ಎರಡು ಕೊಳಗಳಿದ್ದರೆ, ಒಂದೇ ತಂಡದ ಮರಿಗಳನ್ನು ಸಮನಾಗಿ ಬಿಟ್ಟು, ಒಂದಕ್ಕೆ ಮಾತ್ರ ಪ್ರೋಬಯೋಟಿಕ್ ಕೊಡಿರಿ. ಉಳಿದ ಆರೈಕೆ ಒಂದೇ ಇರಲಿ. ಹದಿನೈದು ದಿನಗಳ ನಂತರ ಒಂದು ಬಟ್ಟಲಿನಲ್ಲಿ ಹಿಡಿಯುವ ಮರಿಗಳನ್ನು ಎಣಿಸಿ, ಅದೇ ಅಳತೆಯಿಂದ ಎರಡೂ ಕೊಳಗಳ ಮರಿಗಳನ್ನು ಅಳೆಯಿರಿ. ಹೆಚ್ಚು ಉಳಿದ ಮರಿಗಳ ಬೆಲೆ ಪುಡಿಯ ಬೆಲೆಯನ್ನು ಮೀರಿದರೆ ಮಾತ್ರ ಮುಂದುವರಿಸುವುದು ಲಾಭಕರ.